ಹಳೇ ಜಾವಾ, ಯೆಜ್ಡಿಲಿ ಕರೆಂಟ್ ಪ್ರಾಬ್ಲಮ್ಮಾ? ಬ್ಯಾಟರಿ ಬದಲಾಯಿಸೋ ಮುಂಚೆ ಇಷ್ಟು ನೋಡ್ಕೊಳ್ಳಿ

ನಮ್ಮ ಅಪ್ಪಾಜಿ 1969ರಲ್ಲಿ ತಗೊಂಡಿದ್ದ ಜಾವಾ ಬೈಕನ್ನ ನಾಲ್ಕು ವರ್ಷದ ಹಿಂದೆ ಪೂರ್ತಿ ಬಿಚ್ಚಿ ಹೊಸದಾಗಿ ಮಾಡಿಸ್ದೆ. ಮರೂನ್ ಪೇಂಟು, ಟ್ಯಾಂಕಿಗೆ ಕ್ರೋಮು, ನೋಡೋಕೆ ಶೋರೂಮಿಂದ ಆಗ್ತಾನೆ ಬಂದ ಹಾಗಿತ್ತು. ಆದ್ರೆ ಹುಣಸೂರಿಂದ ಮೈಸೂರಿಗೆ ಸಂಜೆ ವಾಪಸ್ ಬರ್ತಿದ್ರೆ ಇಲವಾಲ ಹತ್ರ ಬರೋ ಹೊತ್ತಿಗೆ ಹೆಡ್‌ಲೈಟು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗೋದು, ಹಾರ್ನ್ ಒತ್ತಿದ್ರೆ ಅದೂ ಕುಗ್ಗಿ ಹೋಗೋದು. ಮೂರು ತಿಂಗಳಲ್ಲಿ ಎರಡು ಬ್ಯಾಟರಿ, ಕಿಡಿ ಹುಟ್ಟಿಸೋ ಕಾಯಿಲ್ ಒಂದು, ಕಟ್‌ಔಟ್ (ಡೈನಮೋದಿಂದ ಬ್ಯಾಟರಿಗೆ ಹೋಗೋ ಕರೆಂಟನ್ನ ನಿಯಂತ್ರಿಸೋ ಡಬ್ಬಿ) ಒಂದು ಬದಲಾಯ್ತು, ಕಾಯಿಲೆ ಮಾತ್ರ ಹಾಗೇ ಇತ್ತು. ಕೊನೆಗೆ ಒಂದು ಭಾನುವಾರ ನಾನೇ ಕೂತು ಬ್ಯಾಟರಿಯಿಂದ ಫ್ರೇಮಿಗೆ ಹೋಗೋ ವೈರಿನ ಬೋಲ್ಟ್ ಬಿಚ್ಚಿದೆ. ಲಗ್ಗಿನ (ವೈರಿನ ಕೊನೇಲಿರೋ ಲೋಹದ ಉಂಗುರ) ಕೆಳಗೆ ಫ್ರೇಮ್ ಮೇಲೆ ಮರೂನ್ ಪೇಂಟು, ಅದರ ಕೆಳಗೆ ಪ್ರೈಮರು, ಎರಡೂ ಒಂದಿಷ್ಟೂ ಕಿತ್ತಿರ್ಲಿಲ್ಲ. ಬೋಲ್ಟಿನ ಥ್ರೆಡ್ಡಲ್ಲಿ ಎಲ್ಲೋ ಒಂದು ಚೂರು ತಾಗಿ ಅಷ್ಟು ದಿನ ಕರೆಂಟು ಹೋಗ್ತಾ ಇತ್ತು. ಬ್ಲೇಡಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೆರೆದು, ಕಬ್ಬಿಣ ಬೆಳ್ಳಗೆ ಕಂಡ ಮೇಲೆ ಬೋಲ್ಟ್ ಬಿಗಿ ಮಾಡ್ದೆ. ಅವತ್ತು ರಾತ್ರಿ ರಸ್ತೆ ಕಾಣಿಸ್ತು.

ಆಮೇಲೆ ಸ್ನೇಹಿತರ ಗಾಡಿಗಳಲ್ಲೂ ಇದನ್ನೇ ನೋಡಿದೀನಿ. ಈ ಗಾಡಿಗಳಲ್ಲಿ ಪಾರ್ಟ್ ಕೆಡೋದು ಕಮ್ಮಿ, ಜಾಯಿಂಟ್ ಕೆಡೋದು ಜಾಸ್ತಿ. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಲಿ 1961ರಲ್ಲಿ ಗಾಡಿ ತಯಾರಾಗೋಕೆ ಶುರುವಾಯ್ತು, 1973ರಿಂದ ಯೆಜ್ಡಿ ಅನ್ನೋ ಹೆಸರು ಬಂತು, 1996ಕ್ಕೆ ಬಾಗಿಲು ಹಾಕ್ತು. ಅಂದ್ರೆ ಎಷ್ಟೇ ಹೊಸ ಗಾಡಿ ಅಂದ್ರೂ ವೈರಿಗೆ ಮೂವತ್ತು ವರ್ಷದ ಹತ್ರ ವಯಸ್ಸಾಗಿದೆ. ಇಲ್ಲಿ ಬರೆದಿರೋದು 6 ವೋಲ್ಟ್ ಡೈನಮೋ, ಬ್ಯಾಟರಿ, ಪಾಯಿಂಟ್ಸ್ (ಕಿಡಿ ಬರೋ ಹೊತ್ತಿಗೆ ಕಾಯಿಲಿನ ಕರೆಂಟ್ ಕಡಿಯೋ ಸ್ವಿಚ್ಚು) ಇರೋ 250 ಸಿಸಿ ಗಾಡಿಗಳಿಗೆ. ಕೊನೇ ಕಾಲದ ಸಿಡಿಐ (ಪಾಯಿಂಟ್ಸ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್) ಯೆಜ್ಡಿಗಳ ಇಗ್ನಿಷನ್ ಬೇರೆ ಥರ, ಕಿಡಿ ವಿಚಾರ ಅದಕ್ಕೆ ಹೊಂದಲ್ಲ.

ಶುರು ಮಾಡೋ ಮುಂಚೆ

ಬೇಕಾಗಿರೋದು ಸ್ವಲ್ಪನೇ. ಒಂದು ಸಾದಾ ಮಲ್ಟಿಮೀಟರ್, 6 ವೋಲ್ಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿದ ಟೆಸ್ಟ್ ಲ್ಯಾಂಪು, ಫೀಲರ್ ಗೇಜು (ಸಣ್ಣ ಗ್ಯಾಪ್ ಅಳೆಯೋ ತೆಳು ಪಟ್ಟಿಗಳು), ನುಣುಪು ಸ್ಯಾಂಡ್‌ಪೇಪರು, ವ್ಯಾಸಲಿನ್ನು. ಎರಡೂ ಕೊನೇಲಿ ಕ್ಲಿಪ್ ಇರೋ ಉದ್ದ ವೈರ್ ಒಂದಿದ್ರೆ ಅರ್ಧ ಕೆಲಸ ಆದ ಹಾಗೆ.

ಕೈಯಲ್ಲಿರೋ ಉಂಗುರ, ಕಡಗ, ಸ್ಟೀಲ್ ಚೈನಿನ ವಾಚು ಬಿಚ್ಚಿಡಿ. 6 ವೋಲ್ಟ್ ಶಾಕ್ ಹೊಡಿಯಲ್ಲ ನಿಜ, ಆದ್ರೆ ಬ್ಯಾಟರಿಗೂ ಬಾಡಿಗೂ ಮಧ್ಯೆ ಉಂಗುರ ಸಿಕ್ಕಾಕೊಂಡ್ರೆ ಕ್ಷಣದಲ್ಲಿ ಕೆಂಪಗೆ ಕಾದು ಬೆರಳು ಸುಡುತ್ತೆ. ಬ್ಯಾಟರಿ ತೆಗೆಯುವಾಗ ಗಾಡಿಯ ಬಾಡಿಗೆ (ಫ್ರೇಮಿಗೆ) ಹೋಗೋ ವೈರು ಮೊದಲು ಬಿಚ್ಚಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿ. ಬ್ಯಾಟರಿಯ ಯಾವ ಕಡೆ ಬಾಡಿಗೆ ಹೋಗಿದೆ ಅಂತ ಬಿಚ್ಚೋ ಮುಂಚೆ ಫೋನಲ್ಲಿ ಫೋಟೋ ತೆಗೆದಿಟ್ಕೊಳ್ಳಿ, "ಮೈನಸ್ಸೇ ಬಾಡಿಗೆ ಇರುತ್ತೆ" ಅಂತ ಅಂದಾಜಲ್ಲಿ ಹಾಕ್ಬೇಡಿ, ಹಳೇ ಕಾಲದ ಎಷ್ಟೋ ಗಾಡಿಗಳಲ್ಲಿ ಪ್ಲಸ್ಸೇ ಬಾಡಿಗೆ ಇರ್ತಿತ್ತು. ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ, ಕಾರ್ಬೊರೇಟರ್ ಸೋರ್ತಿದ್ರೆ ಕರೆಂಟ್ ಕೆಲಸಕ್ಕೆ ಕೈ ಹಾಕೋಕೆ ಮುಂಚೆ ಅದನ್ನ ಸರಿ ಮಾಡಿ. ಚಾರ್ಜ್ ಆಗ್ತಿರೋ ಬ್ಯಾಟರಿಯಿಂದ ಬರೋ ಗ್ಯಾಸಿಗೆ ಒಂದು ಕಿಡಿ ಸಾಕು, ಸಿಡಿಯುತ್ತೆ, ಹಾಗಾಗಿ ಬೀಡಿ, ಸಿಗರೇಟು, ಪಕ್ಕದಲ್ಲಿ ದೀಪ ಏನೂ ಬೇಡ. ಆಸಿಡ್ ಕಣ್ಣಿಗೆ ಹಾರಿದ್ರೆ ಉಜ್ಜದೆ ಕಮ್ಮಿ ಅಂದ್ರೂ ಇಪ್ಪತ್ತು ನಿಮಿಷ ನಲ್ಲಿ ನೀರು ಬಿಟ್ಟು ಸೀದಾ ಡಾಕ್ಟರ್ ಹತ್ರ ಹೋಗಿ.

ಕೀ ಹಾಕಿದ್ರೆ ಏನೂ ಬರ್ತಿಲ್ಲ, ಚಾರ್ಜಿಂಗಿನ ಕೆಂಪು ಲೈಟೂ ಇಲ್ಲ, ಹಾರ್ನೂ ಇಲ್ಲ

ಎಲ್ಲಾ ಒಟ್ಟಿಗೆ ಸತ್ತಿದೆ ಅಂದ್ರೆ ತೊಂದರೆ ಎಲ್ಲಕ್ಕೂ ಸೇರಿದ ದಾರಿಲೇ ಇದೆ, ಬ್ಯಾಟರಿ, ಫ್ಯೂಸು, ಕೀ ಸ್ವಿಚ್ಚು, ಅರ್ಥಿಂಗು (ಬಾಡಿ ಮೂಲಕ ಕರೆಂಟು ಬ್ಯಾಟರಿಗೆ ವಾಪಸ್ ಬರೋ ದಾರಿ), ಇಷ್ಟೆ. ಫ್ಯೂಸ್ ತೆಗೆದು ನೋಡಿ. ಕಣ್ಣಿಗೆ ಚೆನ್ನಾಗೇ ಕಾಣ್ಬಹುದು, ಆದ್ರೆ ಹೋಲ್ಡರಿನ ಹಿತ್ತಾಳೆ ಕ್ಲಿಪ್ ಹಸಿರು ಕಟ್ಟಿದ್ರೆ ಕರೆಂಟ್ ದಾಟಲ್ಲ. ಫ್ಯೂಸ್ ತಿರುಗಿಸಿ ಒತ್ತಿದಾಗ ಲೈಟ್ ಬಂದ್ರೆ ಕಳ್ಳ ಅಲ್ಲೇ ಇದಾನೆ ಅಂತ ಲೆಕ್ಕ.

ಆಮೇಲೆ ಬ್ಯಾಟರಿ ಮೇಲೆ ಮೀಟರ್ ಇಡಿ. ಏನೂ ಲೋಡ್ ಇಲ್ಲದಾಗ 6.3ರಿಂದ 6.4 ವೋಲ್ಟ್ ಇದ್ರೆ ಫುಲ್ಲು. 6.1ರ ಹತ್ರ ಇದ್ರೆ ಅರ್ಧ, 6ಕ್ಕಿಂತ ಕೆಳಗಿದ್ರೆ ಚಾರ್ಜಿಗೆ ಹಾಕ್ಲೇಬೇಕು. ಚಾರ್ಜರ್ 6 ವೋಲ್ಟಿಗೆ ಸೆಟ್ ಆಗಿದ್ಯಾ ಅಂತ ಎರಡು ಸಲ ನೋಡಿ, ಬ್ಯಾಟರಿ ಅಂಗಡೀಲಿ ಮಾಮೂಲಾಗಿ 12 ವೋಲ್ಟಿಂದೇ ಇರುತ್ತೆ, ನೀವೇ ಬಾಯಿಬಿಟ್ಟು ಹೇಳ್ಬೇಕು. ಚಾರ್ಜಿಂಗ್ ಕರೆಂಟು ಬ್ಯಾಟರಿಯ ಆಂಪಿಯರ್ ಅವರ್ (Ah) ಸಂಖ್ಯೆಯ ಹತ್ತನೇ ಒಂದು ಭಾಗ ಇರ್ಲಿ, ಅಂದ್ರೆ 12 ಆಂಪಿಯರ್ ಅವರ್ ಬ್ಯಾಟರಿಗೆ 1.2 ಆಂಪಿಯರ್, ನಿಧಾನವಾಗಿ.

ಬ್ಯಾಟರಿ ಚೆನ್ನಾಗಿದೆ, ಗಾಡಿ ಮಾತ್ರ ಸತ್ತಿದೆ ಅಂದ್ರೆ ಟೆಸ್ಟ್ ಲ್ಯಾಂಪಿನ ಒಂದು ವೈರು ಬಾಡಿಗೆ, ಇನ್ನೊಂದು ಫ್ಯೂಸಿನ ಆ ಕಡೆ, ಈ ಕಡೆ, ಆಮೇಲೆ ಕೀ ಸ್ವಿಚ್ಚಿಗೆ ಬರೋ ವೈರಿಗೆ ಹೀಗೆ ಒಂದೊಂದಾಗಿ ಇಡ್ತಾ ಹೋಗಿ. ಎಲ್ಲಿ ಬಲ್ಬ್ ಆರುತ್ತೋ ಅದಕ್ಕೆ ಸ್ವಲ್ಪ ಹಿಂದೆ ಲೈನ್ ಕಟ್ಟಾಗಿದೆ. ಶುರುವಲ್ಲೇ ಬಲ್ಬ್ ಹತ್ತದಿದ್ರೆ, ಬಾಡಿಗಿಟ್ಟ ವೈರನ್ನ ಸೀದಾ ಬ್ಯಾಟರಿಯ ಆ ಟರ್ಮಿನಲ್ಲಿಗೇ ಇಟ್ಟು ನೋಡಿ, ಈಗ ಹತ್ತಿತು ಅಂದ್ರೆ ಅರ್ಥಿಂಗ್ ಹೋಗಿದೆ. ಕೀ ಅಲ್ಲಾಡಿಸಿದ್ರೆ ಬಂದು ಹೋಗಿ ಆಗ್ತಿದ್ರೆ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆದಿದೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ್ರೆ ಸ್ವಲ್ಪ ದಿನ ನಡಿಯುತ್ತೆ, ಆಮೇಲೆ ಬದಲಾಯಿಸ್ಬೇಕು.

ಲೈಟ್ ಮಂಕು, ಹಾರ್ನ್ ಗೊರಗೊರ

"6 ವೋಲ್ಟ್ ಅಲ್ವಾ ಸಾರ್, ಇಷ್ಟೇ ಬರೋದು, 12 ವೋಲ್ಟ್ ಮಾಡಿಸ್ಬಿಡಿ" ಅಂತ ಹೇಳೋರು ಬೇಕಾದಷ್ಟು ಜನ ಸಿಕ್ತಾರೆ. ನಾನು ಒಪ್ಪಲ್ಲ. ಲೆಕ್ಕ ನೋಡಿ, 25 ವ್ಯಾಟ್ ಬಲ್ಬು 12 ವೋಲ್ಟಲ್ಲಿ 2 ಆಂಪಿಯರ್ ಚಿಲ್ಲರೆ ಎಳೆದ್ರೆ 6 ವೋಲ್ಟಲ್ಲಿ 4 ಆಂಪಿಯರ್ ಮೇಲೆ ಎಳೆಯುತ್ತೆ. ಕರೆಂಟ್ ಎರಡರಷ್ಟಾದ್ರೆ ತುಕ್ಕು ಹಿಡಿದ ಜಾಯಿಂಟಲ್ಲಿ ಕಳೆದು ಹೋಗೋ ವೋಲ್ಟೇಜೂ ಎರಡರಷ್ಟು, ಅದೂ ಇರೋದೇ 6ರಲ್ಲಿ. ದಾರೀಲಿ ಅರ್ಧ ವೋಲ್ಟ್ ಹೋದ್ರೆ ಬಲ್ಬಿನ ಬೆಳಕಲ್ಲಿ ಸುಮಾರು ಕಾಲು ಭಾಗ ಹೋಯ್ತು, ಒಂದು ವೋಲ್ಟ್ ಹೋದ್ರೆ ಹತ್ರ ಹತ್ರ ಅರ್ಧನೇ ಹೋಯ್ತು. ಆ ಅರ್ಧ ವೋಲ್ಟ್ ಎಲ್ಲಿ ಹೋಗ್ತಿದೆ ಅಂತ ಹುಡುಕೋದೇ ಇಲ್ಲಿನ ಕೆಲಸ.

ದುಡ್ಡು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಹೆಡ್‌ಲೈಟ್ ಆನ್ ಮಾಡಿ, ಉದ್ದ ಕ್ಲಿಪ್ ವೈರಿನ ಒಂದು ಕೊನೆ ಬ್ಯಾಟರಿಯ ಬಾಡಿ ಕಡೆ ಟರ್ಮಿನಲ್ಲಿಗೆ, ಇನ್ನೊಂದು ಕೊನೆ ಹೆಡ್‌ಲೈಟಿನ ರಿಫ್ಲೆಕ್ಟರ್ ಲೋಹಕ್ಕೆ ತಾಗಿಸಿ. ಲೈಟ್ ತಟ್ಟನೆ ಬೆಳ್ಳಗಾಯ್ತಾ? ಅರ್ಥಿಂಗ್ ಕೆಟ್ಟಿದೆ, ಬೇರೆ ಏನೂ ಹುಡುಕೋದು ಬೇಡ. ಹಿಂದಿನ ಲೈಟಿಗೂ ಹೀಗೇ ಮಾಡಿ, ಅದರ ಕರೆಂಟು ಮಡ್‌ಗಾರ್ಡ್ ಮೂಲಕ ವಾಪಸ್ ಬರ್ಬೇಕು, ಹೊಸ ಪೇಂಟ್ ಆಗಿರೋ ಗಾಡೀಲಿ ಮಡ್‌ಗಾರ್ಡ್ ಬೋಲ್ಟ್ ಸುತ್ತ ಎಲ್ಲಾ ಕಡೆ ಪೇಂಟೇ ಇರುತ್ತೆ. ಪೌಡರ್ ಕೋಟಿಂಗ್ ಮಾಡ್ಸಿದ್ರಂತೂ ಇನ್ನೂ ಕಷ್ಟ, ಅದು ದಪ್ಪ ಪದರ, ಬೋಲ್ಟ್ ಎಷ್ಟು ಬಿಗಿ ಮಾಡಿದ್ರೂ ಹರಿಯಲ್ಲ. ರೆಸ್ಟೊರೇಷನ್ ಆದ ಮೇಲೆ ಲೈಟ್ ಮಂಕಾಯ್ತು ಅನ್ನೋರು ದಯವಿಟ್ಟು ಮೊದಲು ಇದನ್ನೇ ನೋಡಿ. ಬ್ಯಾಟರಿಯಿಂದ ಫ್ರೇಮಿಗೆ, ಫ್ರೇಮಿಂದ ಇಂಜಿನ್ನಿಗೆ, ಫ್ರೇಮಿಂದ ಹೆಡ್‌ಲೈಟಿಗೆ ಮೂರು ದಪ್ಪ ವೈರ್ ಸೀದಾ ಎಳೆದುಬಿಟ್ರೆ ಜೀವನ ಸುಲಭ. ಲಗ್ ಕೂರೋ ಜಾಗ ಕೆರೆದು, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಹಚ್ಚಿ, ಹೊರಗಡೆ ಏನೂ ಕಾಣಲ್ಲ, ಪೇಂಟೂ ಹಾಳಾಗಲ್ಲ.

ಅರ್ಥಿಂಗ್ ಸರಿ ಇದೆ ಅಂದ್ರೆ ಇನ್ನೊಂದು ಕಡೆ ನೋಡಿ. ಲೈಟ್ ಆನಲ್ಲೇ ಇಟ್ಟು ಮೀಟರಿನ ಒಂದು ವೈರಿನ ತುದಿ ಬ್ಯಾಟರಿಯ ಫ್ಯೂಸ್ ಕಡೆ ಟರ್ಮಿನಲ್ಲಿಗೆ, ಇನ್ನೊಂದು ಬಲ್ಬಿಗೆ ಬರೋ ವೈರಿಗೆ ಇಡಿ. ಮೀಟರ್ ತೋರ್ಸೋದು ದಾರೀಲಿ ಕಳೆದು ಹೋಗಿರೋ ವೋಲ್ಟೇಜ್. 0.2ರ ಒಳಗಿದ್ರೆ ಸಂತೋಷ, 0.5 ದಾಟಿದ್ರೆ ಫ್ಯೂಸ್ ಕ್ಲಿಪ್ಪು, ಕೀ ಸ್ವಿಚ್ಚು, ಡಿಪ್ಪರ್ ಸ್ವಿಚ್ಚು ಒಂದೊಂದೇ ಅಳೆದು ಎಲ್ಲಿ ಜಾಸ್ತಿ ಬೀಳುತ್ತೋ ಅದನ್ನ ಬಿಚ್ಚಿ ಕ್ಲೀನ್ ಮಾಡಿ. ಐದು ನಿಮಿಷ ಲೈಟ್ ಉರಿದ ಮೇಲೆ ಕೈಯಲ್ಲಿ ಮುಟ್ಟಿ ನೋಡಿ, ಕೆಟ್ಟ ಜಾಯಿಂಟ್ ಬೆಚ್ಚಗಿರುತ್ತೆ.

ಹಾರ್ನ್ ವಿಷಯ ಸಣ್ಣದು. ಬ್ಯಾಟರಿಯಿಂದ ಸೀದಾ ಎರಡು ವೈರ್ ಕೊಟ್ಟಾಗ ಜೋರಾಗಿ ಬಂದ್ರೆ ಹಾರ್ನ್ ಚೆನ್ನಾಗಿದೆ, ಬಟನ್ನು ಅಥವಾ ವೈರು ನೋಡಿ. ಆಗ್ಲೂ ಗೊರಗೊರ ಅಂದ್ರೆ ಅದರ ಸ್ಕ್ರೂ ಕಾಲು ಸುತ್ತು ಆಚೆ ಈಚೆ ತಿರುಗಿಸಿ.

ಗಾಡಿ ಓಡ್ತಿದ್ರೂ ಕೆಂಪು ಲೈಟ್ ಆರಲ್ಲ

ಈ ಕೆಂಪು ಲೈಟು ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ಡೈನಮೋ ಮಧ್ಯೆ ಕೂತಿರುತ್ತೆ. ಎರಡೂ ಕಡೆ ವೋಲ್ಟೇಜ್ ಸಮ ಆದಾಗ ಆರುತ್ತೆ. ಹಾಗಾಗಿ ಅದು ಹೇಳೋದನ್ನ ಓದೋಕೆ ಕಲೀಬೇಕು. ಇಂಜಿನ್ ಆಫ್ ಇದ್ದು ಕೀ ಹಾಕಿದಾಗ ಹತ್ತಲೇಬೇಕು, ಹತ್ತಲಿಲ್ಲ ಅಂದ್ರೆ ಒಂದೋ ಆ ಪುಟ್ಟ ಬಲ್ಬ್ ಹೋಗಿದೆ, ಇಲ್ಲಾ ಡೈನಮೋದಲ್ಲಿ ಬ್ರಶ್ (ತಿರುಗೋ ಭಾಗಕ್ಕೆ ಒತ್ತಿ ಕೂತು ಕರೆಂಟ್ ದಾಟಿಸೋ ಕಾರ್ಬನ್ ತುಂಡು) ತಾಗ್ತಿಲ್ಲ. ಐಡ್ಲಿಂಗಲ್ಲಿ ಹತ್ತಿ ರೇಸ್ ಕೊಟ್ರೆ ಆರಿದ್ರೆ ಅದು ಸರಿ, ಗಾಬರಿ ಬೇಡ. ರೇಸ್ ಕೊಟ್ರೂ ಸಣ್ಣಗೆ ಮಿಣಿಮಿಣಿ ಉರೀತಿದ್ರೆ ಡೈನಮೋ ಕರೆಂಟ್ ಕೊಡ್ತಿದೆ, ಬ್ಯಾಟರಿ ತನಕ ಪೂರ್ತಿ ತಲುಪ್ತಿಲ್ಲ, ಫ್ಯೂಸು ಮತ್ತು ಕಟ್‌ಔಟಿನ ಜಾಯಿಂಟ್ ನೋಡಿ. ಪೂರ್ತಿ ಜೋರಾಗಿ ಉರೀತಿದ್ರೆ ಡೈನಮೋ ಏನೂ ಕೊಡ್ತಿಲ್ಲ.

ಮೀಟರ್ ಇಟ್ಟು ಖಾತ್ರಿ ಮಾಡ್ಕೊಳ್ಳಿ. ಬ್ಯಾಟರಿ ಮೇಲೆ ಇಂಜಿನ್ ಆಫ್ ಇದ್ದಾಗ 6.2 ಇದ್ದಿದ್ದು ರೇಸ್ ಕೊಟ್ಟಾಗ 6.9ರಿಂದ 7.2ಕ್ಕೆ ಏರ್ಬೇಕು. ಒಂದು ಮಾತು ನೆನಪಿರ್ಲಿ, ಈ ಡೈನಮೋ ಸುಮಾರು 45 ವ್ಯಾಟಿಂದು, ಹೆಡ್‌ಲೈಟೂ ಹಿಂದಿನ ಲೈಟೂ ಇಗ್ನಿಷನ್ ಕಾಯಿಲ್ಲೂ ಸೇರಿ ಅಷ್ಟನ್ನೂ ಕುಡಿದುಬಿಡುತ್ತೆ. ಅದಕ್ಕೇ ಸಿಟಿ ಒಳಗೆ ಬರೀ ರಾತ್ರಿ ಹೊತ್ತು ಓಡಿಸೋರ ಬ್ಯಾಟರಿ ಯಾವಾಗ್ಲೂ ಹಸಿದೇ ಇರುತ್ತೆ, ಅದು ಗಾಡಿ ದೋಷ ಅಲ್ಲ. ಹಿಂದಿನ ಲೈಟಿಗೆ 6 ವೋಲ್ಟಿನ ಎಲ್‌ಇಡಿ ಹಾಕಿದ್ರೆ ಸ್ವಲ್ಪ ಉಸಿರಾಡುತ್ತೆ, ಆದ್ರೆ ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಉಲ್ಟಾ ಆದ್ರೆ ಹತ್ತಲ್ಲ, ನೋಡಿ ತಗೊಳ್ಳಿ.

ಡೈನಮೋ ಏನೂ ಕೊಡ್ತಿಲ್ಲ ಅಂದ್ರೆ ಬ್ಯಾಟರಿ ವೈರ್ ಬಿಚ್ಚಿ, ಇಂಜಿನ್ನಿನ ಬಲಗಡೆ ಕವರ್ ತೆಗೀರಿ. ಎರಡು ಕಾರ್ಬನ್ ಬ್ರಶ್ ಇರುತ್ತೆ. ಒಂದೊಂದನ್ನೇ ಬೆರಳಲ್ಲಿ ಎತ್ತಿ ಬಿಡಿ, ಟಕ್ ಅಂತ ಸ್ಪ್ರಿಂಗಲ್ಲಿ ವಾಪಸ್ ಕೂರ್ಬೇಕು. ಸಿಕ್ಕಾಕೊಂಡಿದ್ರೆ, ಮೊಂಡಾಗಿದ್ರೆ, ಸಮಸ್ಯೆ ಸಿಕ್ತು, ಜೋಡಿ ಬ್ರಶ್ಶಿಗೆ ದೊಡ್ಡ ದುಡ್ಡೇನಿಲ್ಲ. ಬ್ರಶ್ ಓಡೋ ತಾಮ್ರದ ಉಂಗುರ ಕಪ್ಪಾಗಿದ್ರೆ ಪೆಟ್ರೋಲ್ ತಾಗಿಸಿದ ಬಟ್ಟೇಲಿ ಒರೆಸಿ, ಆಮೇಲೆ ನುಣುಪು ಸ್ಯಾಂಡ್‌ಪೇಪರಲ್ಲಿ ಹಗೂರಕ್ಕೆ ತಿಕ್ಕಿ. ಎಮರಿ ಪೇಪರ್ ಮಾತ್ರ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ಮಧ್ಯೆ ಕೂತು ಶಾರ್ಟ್ ಮಾಡುತ್ತೆ. ಪೆಟ್ರೋಲ್ ಪೂರ್ತಿ ಆರೋ ತನಕ ಸ್ಟಾರ್ಟ್ ಮಾಡ್ಬೇಡಿ. ಕವರ್ ಒಳಗೆಲ್ಲಾ ಆಯಿಲ್ ಮೆತ್ಕೊಂಡು ಜಿಡ್ಡಾಗಿದ್ರೆ ಕರೆಂಟಿಗಿಂತ ಮುಂಚೆ ಕ್ರ್ಯಾಂಕಿನ ಬಲಗಡೆ ಆಯಿಲ್ ಸೀಲ್ ಹಾಕಿಸ್ಬೇಕು, ಇಲ್ಲಾಂದ್ರೆ ಎಷ್ಟು ಸಲ ಒರೆಸಿದ್ರೂ ವಾರದಲ್ಲಿ ಮತ್ತೆ ಅದೇ ಪಾಡು.

ಇಲ್ಲಿಗೆ ನಿಲ್ಲಿಸಿ. ಆರ್ಮೇಚರ್ (ಡೈನಮೋದ ತಿರುಗೋ ಭಾಗ) ಹೊರಗೆ ತೆಗೆಯೋಕೆ ಅದರದ್ದೇ ಪುಲ್ಲರ್ ಬೋಲ್ಟ್ ಬೇಕು, ಸುತ್ತಿಗೆ ಹೊಡೆದ್ರೆ ಕ್ರ್ಯಾಂಕ್ ಬಾಗುತ್ತೆ, ಸಾವಿರದಲ್ಲಿ ಮುಗಿಯೋ ಕೆಲಸ ಇಂಜಿನ್ ಬಿಚ್ಚೋ ತನಕ ಹೋಗುತ್ತೆ. ಕಟ್‌ಔಟಿನ ಮುಚ್ಚಳ ತೆಗೆದು ಪತ್ತಿ ಬಗ್ಗಿಸೋದೂ ಬೇಡ. ಹಳೇ ಡೈನಮೋ ಗಾಡಿ ಕೆಲಸ ಗೊತ್ತಿರೋ ಆಟೋ ಎಲೆಕ್ಟ್ರಿಷಿಯನ್ ಹತ್ರನೇ ಕೊಡಿ.

ರಾತ್ರಿ ನಿಲ್ಲಿಸಿದ್ರೆ ಬೆಳಗ್ಗೆ ಬ್ಯಾಟರಿ ಖಾಲಿ

ಕೀ ಆಫ್ ಮಾಡಿ, ಬ್ಯಾಟರಿಯ ಒಂದು ವೈರ್ ಬಿಚ್ಚಿ ಆ ವೈರಿಗೂ ಟರ್ಮಿನಲ್ಲಿಗೂ ಮಧ್ಯೆ ಟೆಸ್ಟ್ ಲ್ಯಾಂಪ್ ಇಡಿ. ಹತ್ತಬಾರದು. ಹತ್ತಿದ್ರೆ ಎಲ್ಲೋ ಸೋರ್ತಿದೆ. ಹಿಂದಿನ ಬ್ರೇಕ್ ಸ್ವಿಚ್ಚಿನ ಸ್ಪ್ರಿಂಗ್ ಜಾಸ್ತಿ ಬಿಗಿ ಇದ್ದು ಬ್ರೇಕ್ ಲೈಟ್ ಉರೀತಿದ್ಯಾ ನೋಡಿ, ಆಮೇಲೆ ಕಟ್‌ಔಟಿಂದ ಬ್ಯಾಟರಿಗೆ ಹೋಗೋ ವೈರ್ ಬಿಚ್ಚಿ. ಅದನ್ನ ಬಿಚ್ಚಿದ ತಕ್ಷಣ ಲ್ಯಾಂಪ್ ಆರಿದ್ರೆ ಕಟ್‌ಔಟಿನ ಪಾಯಿಂಟ್ ಅಂಟ್ಕೊಂಡಿದೆ. ಇದು ಈ ಪಟ್ಟೀಲೇ ಅಪಾಯದ ದೋಷ. ಬ್ಯಾಟರಿ ಕರೆಂಟು ಉಲ್ಟಾ ಡೈನಮೋಗೆ ಹರಿದು ಅದು ಕಾಯುತ್ತೆ, ವೈರು ಕರಗುತ್ತೆ, ಮೇಲೆ ಪೆಟ್ರೋಲ್ ಟ್ಯಾಂಕ್ ಇದೆ. ಗಾಡಿ ನಿಲ್ಲಿಸಿ ಅರ್ಧ ಗಂಟೆ ಆದ್ಮೇಲೂ ಕಟ್‌ಔಟು ಬಿಸಿ ಇದ್ರೆ, ಸುಟ್ಟ ವಾಸನೆ ಬಂದ್ರೆ, ಆ ಕ್ಷಣವೇ ಬ್ಯಾಟರಿ ಬಿಚ್ಚಿ, ರಿಪೇರಿ ಆಗೋ ತನಕ ಮತ್ತೆ ಹಾಕ್ಬೇಡಿ.

ಇನ್ನೊಂದು ಕಾರಣ ಮನೇಲಿ ಮಕ್ಕಳು ಕೀ ಆನ್ ಮಾಡಿ ಬಿಡೋದು. ಪಾಯಿಂಟ್ಸ್ ಮುಚ್ಚಿರೋ ಜಾಗದಲ್ಲಿ ಇಂಜಿನ್ ನಿಂತಿದ್ರೆ ಕಾಯಿಲ್ ಸುಮ್ನೆ ಕರೆಂಟ್ ಎಳೀತಾ ಕಾಯ್ತಾ ಇರುತ್ತೆ. ಬ್ಯಾಟರಿನೂ ಹೋಗುತ್ತೆ, ಕಾಯಿಲ್ಲೂ ಹೋಗುತ್ತೆ.

ಬಲ್ಬ್ ಪದೇ ಪದೇ ಹೋಗ್ತಿದೆ

ರೇಸ್ ಕೊಟ್ಟಾಗ ಬ್ಯಾಟರಿ ಮೇಲೆ 7.5 ದಾಟಿದ್ರೆ ಕಟ್‌ಔಟ್ ಜಾಸ್ತಿ ಬಿಡ್ತಿದೆ, ಬ್ಯಾಟರಿ ನೀರು ಬೇಗ ಬೇಗ ಇಳಿಯೋದೂ ಇದೇ ಗುರುತು. ಆದ್ರೆ ಮೊದಲು ಬ್ಯಾಟರಿ ಟರ್ಮಿನಲ್ ಬಿಗಿ ಇದ್ಯಾ ನೋಡಿ, ಬ್ಯಾಟರಿ ಲೂಸ್ ಇದ್ರೆ ವೋಲ್ಟೇಜ್ ಹಾರಾಡಿ ಎಲ್ಲಾ ಬಲ್ಬ್ ಒಂದೇ ಸಲ ಹೋಗುತ್ತೆ.

ಕಿಕ್ ಹೊಡೆದು ಹೊಡೆದು ಕಾಲು ನೋವು, ಸ್ಟಾರ್ಟ್ ಆಗಲ್ಲ

ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ, ಅದರ ಥ್ರೆಡ್ಡನ್ನ ಹೆಡ್ಡಿನ ಫಿನ್ನಿಗೆ ಗಟ್ಟಿ ತಾಗಿಸಿ ಕಿಕ್ ಹೊಡೀರಿ. ಪ್ಲಗ್ ತೂತಿಂದ ಪೆಟ್ರೋಲ್ ಹಬೆ ಬರುತ್ತೆ, ಕಿಡಿನ ಅದರ ಬಾಯಿಂದ ದೂರ ಇಡಿ. ನೀಲಿ ಕಿಡಿ ಚಟ್ ಅಂದ್ರೆ ಕರೆಂಟ್ ಸರಿ ಇದೆ, ಕಾರ್ಬೊರೇಟರ್ ಕಡೆ ಹೋಗಿ. ಹಳದಿ, ಸಣ್ಣ ಕಿಡಿ ಬಂದ್ರೆ ಹೊಸ ಪ್ಲಗ್ ಹಾಕಿ ಮತ್ತೆ ನೋಡಿ, ಗ್ಯಾಪ್ 0.6 ಮಿಲಿಮೀಟರ್.

ಆಗ್ಲೂ ಸಣ್ಣದೇ ಇದ್ರೆ ಬಲಗಡೆ ಕವರ್ ಒಳಗೆ ಪಾಯಿಂಟ್ಸ್. ಪೂರ್ತಿ ತೆರೆದಾಗ 0.4 ಮಿಲಿಮೀಟರ್ ಇರ್ಬೇಕು. ಗ್ಯಾಪ್ ಬದಲಾದ್ರೆ ಟೈಮಿಂಗೂ (ಕಿಡಿ ಬರೋ ಹೊತ್ತು) ಬದಲಾಗುತ್ತೆ, ಅದನ್ನೂ ಚೆಕ್ ಮಾಡಿಸಿ. ಮಧ್ಯೆ ಜಿಡ್ಡಿದ್ರೆ ಗಟ್ಟಿ ಬಿಳಿ ಕಾಗದ ತೂರಿಸಿ ಎಳೀರಿ, ಕಪ್ಪು ಗೆರೆ ಬರೋದು ನಿಲ್ಲೋ ತನಕ. ತಿಂಗಳಾನುಗಟ್ಟಲೆ ನಿಂತ ಗಾಡಿಗಳು ಬಹಳಷ್ಟು ಇಷ್ಟಕ್ಕೇ ಸ್ಟಾರ್ಟ್ ಆಗುತ್ತೆ. ಇಂಜಿನ್ ಓಡುವಾಗ ಪಾಯಿಂಟ್ಸ್ ಮಧ್ಯೆ ದೊಡ್ಡ ಕಿಡಿ ಹಾರ್ತಾ ಇದ್ರೆ, ಒಂದು ಕಡೆ ಗುಳಿ ಬಿದ್ದು ಇನ್ನೊಂದು ಕಡೆ ಗುಬುಟು ಎದ್ದಿದ್ರೆ ಕಂಡೆನ್ಸರ್ (ಪಾಯಿಂಟ್ಸಲ್ಲಿ ಕಿಡಿ ಹಾರದ ಹಾಗೆ ತಡೆಯೋ ಸಣ್ಣ ಡಬ್ಬಿ) ಹೋಗಿದೆ, ಬೆಲೆ ಕಮ್ಮಿ, ಅನುಮಾನ ಇದ್ರೂ ಬದಲಾಯಿಸಿ. ಹಳೇದು ಚೆನ್ನಾಗಿದ್ರೆ ಟೂಲ್ ಬಾಕ್ಸಲ್ಲಿ ಸ್ಪೇರ್ ಇಟ್ಕೊಳ್ಳಿ.

ಇಪ್ಪತ್ತು ಮೂವತ್ತು ನಿಮಿಷ ಚೆನ್ನಾಗಿ ಓಡಿ ನಿಂತು, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗೋ ಗಾಡಿಗೆ ಎಲ್ಲರೂ ಕಾಯಿಲ್ ಅಂತಾರೆ. ಇರ್ಬಹುದು, ಬಿಸಿಗೆ ಒಳಗಿನ ಇನ್ಸುಲೇಶನ್ ಬಿಟ್ಕೊಳ್ಳುತ್ತೆ. ಆದ್ರೆ ನಿಂತ ತಕ್ಷಣ ಪೆಟ್ರೋಲ್ ಟ್ಯಾಂಕ್ ಮುಚ್ಚಳ ಒಂದ್ಸಲ ತೆಗೆದು ಕಿಕ್ ಹೊಡೀರಿ. ಸ್ಟಾರ್ಟ್ ಆಯ್ತಾ? ಮುಚ್ಚಳದ ಗಾಳಿ ತೂತು ಕಟ್ಕೊಂಡಿದೆ, ಕಾಯಿಲ್ ದುಡ್ಡು ಉಳೀತು. ಆಗ್ಲಿಲ್ಲ ಅಂದ್ರೆ ಅಲ್ಲೇ ಪ್ಲಗ್ ಬಿಚ್ಚಿ ಕಿಡಿ ನೋಡಿ, ಪ್ಲಗ್ ಸುಡುತ್ತೆ, ಬಟ್ಟೇಲಿ ಹಿಡೀರಿ. ಬಿಸಿ ಇದ್ದಾಗ ಕಿಡಿ ಇಲ್ಲ, ತಣ್ಣಗಾದಾಗ ಇದೆ ಅಂದ್ರೆ ಮೊದಲು ಕಂಡೆನ್ಸರ್, ಆಮೇಲೆ ಕಾಯಿಲ್.

ಮಳೇಲಿ ಮಾತ್ರ ತೊಂದರೆ ಕೊಡೋ ಗಾಡಿನ ರಾತ್ರಿ ಬಯಲಲ್ಲಿ ಲೈಟ್ ಆರಿಸಿದ ಕತ್ತಲಲ್ಲಿ ಸ್ಟಾರ್ಟ್ ಮಾಡಿ, ಪ್ಲಗ್ ವೈರ್ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಬಿರುಕು ಬಿಟ್ಟ ಜಾಗದಲ್ಲಿ ನೀಲಿ ಕಿಡಿ ಓಡಾಡೋದು ಕಣ್ಣಿಗೇ ಕಾಣುತ್ತೆ. ಆ ವೈರನ್ನ ಮುಟ್ಬೇಡಿ, ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತೆ. ಮುಚ್ಚಿದ ಶೆಡ್ಡಲ್ಲೂ ಇದನ್ನ ಮಾಡ್ಬೇಡಿ, ಹೊಗೆ ತಲೆಗೇರುತ್ತೆ.

ಫ್ಯೂಸ್ ಹಾಕಿದ ಹಾಗೆ ಹೋಗ್ತಿದೆ

ಒಂದು ಸಲ ಹೋದ್ರೆ ಅದೇ ಅಳತೆಯ ಹೊಸ ಫ್ಯೂಸ್ ಹಾಕಿ ನೋಡಿ. ಎರಡನೇ ಸಲ ಹೋಯ್ತು ಅಂದ್ರೆ ಮೂರನೇದು ಹಾಕ್ಬೇಡಿ, ಸಿಗರೇಟ್ ಪ್ಯಾಕಿನ ಹಾಳೆ, ತಾಮ್ರದ ತಂತಿ ಸುತ್ತೋದಂತೂ ಖಂಡಿತ ಬೇಡ. ಆ ಹಾಳೆ ಸುಡಲ್ಲ, ಅದರ ಬದಲು ಟ್ಯಾಂಕ್ ಕೆಳಗಿನ ವೈರು ಸುಡುತ್ತೆ. ಫ್ಯೂಸ್ ಜಾಗದಲ್ಲಿ ಟೆಸ್ಟ್ ಲ್ಯಾಂಪ್ ಇಟ್ಟು, ಕೀ ಮತ್ತೆ ಸ್ವಿಚ್ಚೆಲ್ಲಾ ಆಫ್ ಇಟ್ಟೇ ಹ್ಯಾಂಡಲ್ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ. ಒಂದು ಕಡೆ ತಿರುಗಿಸಿದಾಗ ಲ್ಯಾಂಪ್ ಧಗ್ ಅಂತ ಜೋರಾಗಿ ಹತ್ತಿದ್ರೆ ಹೆಡ್‌ಲೈಟ್ ಕೆಳಗೆ ಸ್ಟೀರಿಂಗ್ ಹತ್ರ ವೈರ್ ಉಜ್ಜಿ ಬಾಡಿಗೆ ತಾಗ್ತಿದೆ. ಅಲ್ಲಿ ಏನೂ ಆಗದಿದ್ರೆ ಸೀಟ್ ಕೆಳಗೆ, ಹಿಂದಿನ ಮಡ್‌ಗಾರ್ಡ್ ಒಳಗೆ ಟೈರ್ ತಾಗೋ ಜಾಗ ನೋಡಿ. ಟೇಪ್ ಸುತ್ತಿ ಮುಗಿಸ್ಬೇಡಿ, ಅಷ್ಟು ವೈರ್ ಬದಲಾಯಿಸಿ ಮೇಲೆ ಸ್ಲೀವ್ ಹಾಕಿ.

ಹೆಡ್‌ಲೈಟ್ ಒಳಗೆ ಬಿಚ್ಚಿ ನೋಡಿದಾಗ ವೈರುಗಳ ಬಣ್ಣನೇ ಗೊತ್ತಾಗ್ದೆ ಎಲ್ಲಾ ಕಪ್ಪಾಗಿ ಮುಟ್ಟಿದ್ರೆ ಇನ್ಸುಲೇಶನ್ ಉದುರ್ತಿದ್ರೆ ಒಂದೊಂದೇ ರಿಪೇರಿ ಮಾಡೋದ್ರಲ್ಲಿ ಅರ್ಥ ಇಲ್ಲ, ಪೂರ್ತಿ ವೈರಿಂಗ್ ಹೊಸದು ಹಾಕಿಸಿ. ಎಲೆಕ್ಟ್ರಿಷಿಯನ್ ಹತ್ರ ಹೋಗುವಾಗ ಬರೀ "ಚಾರ್ಜ್ ಆಗ್ತಿಲ್ಲ ಅಣ್ಣ" ಅನ್ಬೇಡಿ. ಇಂಜಿನ್ ಆಫ್ ಇದ್ದಾಗ ಎಷ್ಟು, ರೇಸಲ್ಲಿ ಎಷ್ಟು, ಲೈಟ್ ಹಾಕಿದಾಗ ಎಷ್ಟು, ಕೆಂಪು ಲೈಟ್ ಏನ್ ಮಾಡ್ತು, ಅರ್ಥಿಂಗ್ ವೈರ್ ಕೊಟ್ಟಾಗ ಏನಾಯ್ತು, ಇಷ್ಟನ್ನ ಒಂದು ಚೀಟೀಲಿ ಬರೆದು ಕೊಡಿ, ಬದಲಾಯಿಸಿದ ಹಳೇ ಪಾರ್ಟೆಲ್ಲಾ ವಾಪಸ್ ಕೇಳಿ ಇಸ್ಕೊಳ್ಳಿ.